ಗೇಮಿಂಗ್ ಲ್ಯಾಪ್‌ಟಾಪ್ ಬಿಸಿಯಾಗಿ ನಿಧಾನವಾಗುತ್ತಿದೆಯೇ? ಅಳತೆಯಿಂದ ಅಪ್‌ಗ್ರೇಡ್‌ವರೆಗೆ ಸಮಗ್ರ ಮಾರ್ಗದರ್ಶಿ

ಗೇಮ್ ಶುರುವಾದಾಗ ಎಲ್ಲ ಚೆನ್ನಾಗಿರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಫ್ರೇಮ್ (ಪರದೆಯಲ್ಲಿ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಬೀಳುತ್ತದೆ, ಫ್ಯಾನ್ ಕೂಗುತ್ತದೆ, ಕೀಬೋರ್ಡ್ ಮೇಲೆ ಕೈ ಇಡಲು ಆಗುವುದಿಲ್ಲ. ಆಗ ಹೆಚ್ಚಿನವರು ಚಿಪ್‌ನ ಬಿಸಿಯನ್ನು ಲೋಹದ ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ತರಿಸುತ್ತಾರೆ, ಇಲ್ಲವೇ ರ‍್ಯಾಮ್ ತರಿಸುತ್ತಾರೆ. ಎರಡನ್ನೂ ಹಾಕಿದ ಮೇಲೂ ತೊಂದರೆ ಹಾಗೇ ಇರುತ್ತದೆ. ತೊಂದರೆ ಎಲ್ಲಿದೆ ಎಂದು ನೋಡದೆಯೇ ಸ್ಕ್ರೂ ಬಿಚ್ಚಿದ್ದರ ಫಲ ಅದು.

ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಮೊದಲು ಅಳತೆ, ಆಮೇಲೆ ಸೆಟ್ಟಿಂಗ್, ಆಮೇಲೆ ಧೂಳು, ಆಮೇಲೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ. ಪೇಸ್ಟ್ ಎಲ್ಲಕ್ಕಿಂತ ಕೊನೆಗೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅಳೆಯಿರಿ. ಮೂರು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗುವುದೇ ಇಲ್ಲ.

## ಹಂತ 1: ಬ್ಯಾಟರಿ ಉಬ್ಬಿದೆಯಾ ನೋಡಿ

ಲ್ಯಾಪ್‌ಟಾಪ್ ಮುಚ್ಚಿ ಸಮತಟ್ಟಾದ ಮೇಜಿನ ಮೇಲಿಡಿ. ಒಂದು ಮೂಲೆ ಅಲ್ಲಾಡುತ್ತಿದೆಯಾ? ಟಚ್‌ಪ್ಯಾಡ್ ಮೇಲೆದ್ದಿದೆಯಾ, ಕ್ಲಿಕ್ ಬಿಗಿಯಾಗಿದೆಯಾ? ತಳದ ಕವರ್ ಅಂಚಿನಲ್ಲಿ ಮೊದಲಿಲ್ಲದ ಸಂದು ಕಾಣುತ್ತಿದೆಯಾ? ಇವೆಲ್ಲ ಬ್ಯಾಟರಿ ಉಬ್ಬಿದ ಲಕ್ಷಣಗಳು.

ಹಾಗಿದ್ದರೆ ಉಳಿದ ಹಂತಗಳು ಸದ್ಯಕ್ಕೆ ಬೇಡ. ಚಾರ್ಜರ್ ತೆಗೆಯಿರಿ, ಆಫ್ ಮಾಡಿ, ಬ್ಯಾಟರಿ ಬದಲಿಸಿ. ಉಬ್ಬಿದ ಬ್ಯಾಟರಿಯನ್ನು ಒತ್ತಿದರೆ, ಚುಚ್ಚಿದರೆ, ಮೀಟಿ ಕಿತ್ತರೆ ಬೆಂಕಿ ಹತ್ತಿಕೊಳ್ಳಬಹುದು. ಕೈ ಪಳಗದವರು ಇದನ್ನು ಸರ್ವಿಸ್‌ನವರಿಗೇ ಬಿಡುವುದು ಒಳ್ಳೆಯದು. ಹಳೆಯ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಬ್ಯಾಟರಿ ಚೆನ್ನಾಗಿದ್ದರೆ ಹಾಗೇ ಉಳಿಸಿಕೊಳ್ಳಿ. ಯಾವಾಗಲೂ ಚಾರ್ಜರ್ ಹಾಕಿಕೊಂಡೇ ಆಡುವವರು ಕಂಪನಿಯ ಆ್ಯಪ್‌ನಲ್ಲಿ ಚಾರ್ಜ್ ಮಿತಿಯನ್ನು 80 ಶೇಕಡಾಕ್ಕೆ ಇಡಿ. ಬಿಸಿಯಲ್ಲಿ ಪೂರ್ತಿ ಚಾರ್ಜ್ ಆಗಿ ಕೂತಿರುವುದೇ ಬ್ಯಾಟರಿಗೆ ಅತಿ ಕೆಟ್ಟದ್ದು.

## ಹಂತ 2: ಸಾಮಾನು ಮತ್ತು ಬ್ಯಾಕಪ್

ಸಣ್ಣ ಫಿಲಿಪ್ಸ್ ಸ್ಕ್ರೂಡ್ರೈವರ್ ಬೇಕು. ಕೆಲವು ಮಾಡೆಲ್‌ಗಳಿಗೆ ಟಾರ್ಕ್ಸ್ ತುದಿಯೂ ಬೇಕಾಗುತ್ತದೆ. ಕವರ್ ಎಬ್ಬಿಸಲು ಪ್ಲಾಸ್ಟಿಕ್ ಪಿಕ್, ಒರೆಸಲು ನಾರು ಬಿಡದ ಬಟ್ಟೆ, 90 ಶೇಕಡಾಕ್ಕಿಂತ ಜಾಸ್ತಿ ಶುದ್ಧವಾದ ಐಸೊಪ್ರೊಪೈಲ್ ಆಲ್ಕೋಹಾಲ್, ಮೆತ್ತನೆಯ ಬ್ರಷ್, ಗಾಳಿ ಊದುವ ಕ್ಯಾನ್ ಅಥವಾ ಸಣ್ಣ ಬ್ಲೋವರ್ ಇರಲಿ. ಚಾಕು, ಚಪ್ಪಟೆ ಕಬ್ಬಿಣದ ಸ್ಕ್ರೂಡ್ರೈವರ್ ಬೇಡವೇ ಬೇಡ.

ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಕಂಪನಿಯ ಸಪೋರ್ಟ್ ಪುಟದಲ್ಲಿ ಇದ್ದರೆ ಇಳಿಸಿಕೊಳ್ಳಿ. ಯಾವ ಸ್ಕ್ರೂ ಎಲ್ಲಿ, ಎಷ್ಟು ಸ್ಲಾಟ್ ಇವೆ, ಎಷ್ಟು ರ‍್ಯಾಮ್‌ವರೆಗೆ ಹಿಡಿಸುತ್ತದೆ ಎಂಬುದು ಅದರಲ್ಲಿರುತ್ತದೆ. ವಾರಂಟಿ ಬಾಕಿ ಇದ್ದರೆ ಕವರ್ ತೆಗೆಯುವುದರ ಬಗ್ಗೆ ಅದರ ಷರತ್ತು ಏನು ಹೇಳುತ್ತದೆ ಎಂದೂ ಓದಿ.

ಎಲ್ಲರೂ ಮರೆಯುವುದು ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀ. ವಿಂಡೋಸ್ 11 ಇರುವ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಎನ್‌ಕ್ರಿಪ್ಟ್ ಆಗಿರುವುದು ಮಾಲೀಕರಿಗೇ ಗೊತ್ತಿರುವುದಿಲ್ಲ. ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದಾಗ ಅಥವಾ ಒಳಗಿನ ಭಾಗ ಬದಲಿಸಿದಾಗ ಅದು 48 ಅಂಕಿಗಳ ಕೀ ಕೇಳಬಹುದು. ಕೀ ಇಲ್ಲದಿದ್ದರೆ ಡೇಟಾ ಹೋದ ಹಾಗೆಯೇ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯಾ ನೋಡಿ, ಫೋನ್‌ನಲ್ಲೋ ಕಾಗದದಲ್ಲೋ ಬರೆದಿಟ್ಟುಕೊಳ್ಳಿ. ಮುಖ್ಯ ಫೈಲ್‌ಗಳ ಪ್ರತಿಯನ್ನು ಬೇರೆ ಡ್ರೈವ್‌ಗೆ ಹಾಕಿಡಿ. ಇದು ಮುಗಿಯದೆ ಮುಂದೆ ಹೋಗಬೇಡಿ.

## ಹಂತ 3: ತೊಂದರೆ ಕೊಡುವ ಗೇಮ್‌ನಲ್ಲೇ ಅಳೆಯಿರಿ

ಎಚ್‌ಡಬ್ಲ್ಯೂಇನ್ಫೋ64 ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದನ್ನು ಸೆನ್ಸರ್ ಮಾತ್ರ ತೋರಿಸುವ ಆಯ್ಕೆಯಲ್ಲಿ ತೆರೆಯಿರಿ. ಆಮೇಲೆ ಯಾವ ಗೇಮ್ ತೊಂದರೆ ಕೊಡುತ್ತದೋ ಅದನ್ನೇ ಅರ್ಧ ಗಂಟೆ ಆಡಿ. ಸಣ್ಣ ಬೆಂಚ್‌ಮಾರ್ಕ್ ಕೆಲವೇ ನಿಮಿಷಗಳಲ್ಲಿ ಮುಗಿದುಬಿಡುತ್ತದೆ. ಬಿಸಿಯ ತೊಂದರೆ ಹೊರಗೆ ಬರಲು ಅಷ್ಟು ಹೊತ್ತು ಸಾಲದು.

ಸಿಪಿಯು (ಮುಖ್ಯ ಚಿಪ್) ತಾಪ, ಸಿಪಿಯು ವೇಗ, ಜಿಪಿಯು (ಗ್ರಾಫಿಕ್ಸ್ ಚಿಪ್) ತಾಪ, ಜಿಪಿಯು ಎಳೆಯುವ ವ್ಯಾಟ್, ಜಿಪಿಯು ಬಳಕೆಯ ಶೇಕಡಾವಾರು, ರ‍್ಯಾಮ್ ಮತ್ತು ವಿರ‍್ಯಾಮ್ (ಜಿಪಿಯುವಿನ ಸ್ವಂತ ಮೆಮೊರಿ) ಎಷ್ಟು ತುಂಬಿದೆ ಎಂಬುದನ್ನು ಬರೆದುಕೊಳ್ಳಿ. ಕೋಣೆಯ ತಾಪವನ್ನೂ ಬರೆಯಿರಿ. ತಂಪು ರಾತ್ರಿಯ ಅಳತೆಯನ್ನು ಸುಡು ಮಧ್ಯಾಹ್ನದ ಅಳತೆಗೆ ಹೋಲಿಸಿದರೆ ಅರ್ಥವಿಲ್ಲ, ಅಲ್ವಾ?

ಈಗ ಅಂಕಿಗಳನ್ನು ಓದುವುದು ಹೇಗೆ ನೋಡೋಣ.

ಸಿಪಿಯು ಮಿತಿ ಮುಟ್ಟಿ, ವೇಗ ಕುಸಿಯುತ್ತಿದೆ. ಗೇಮಿಂಗ್ ಲ್ಯಾಪ್‌ಟಾಪ್‌ಗಳ ಚಿಪ್‌ಗೆ ತಾಪದ ಮಿತಿ ಮಾಡೆಲ್‌ಗೆ ತಕ್ಕಂತೆ ಹೆಚ್ಚಾಗಿ 95ರಿಂದ 105 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಒಂದೆರಡು ಕ್ಷಣ ಅಲ್ಲಿಗೆ ಹೋಗಿ ಬಂದರೆ ಗಾಬರಿ ಬೇಡ, ಈ ಚಿಪ್‌ಗಳು ಕೆಲಸ ಮಾಡುವುದೇ ಹಾಗೆ. ಅಲ್ಲೇ ಕೂತು, ವೇಗ ಅದರ ಬೇಸ್ ವೇಗಕ್ಕಿಂತ ಕೆಳಗೆ ಇಳಿದರೆ ಮಾತ್ರ ಅದು ನಿಜವಾದ ಬಿಸಿಯ ತೊಂದರೆ.

ಜಿಪಿಯು ತಂಪಾಗಿದೆ, ವ್ಯಾಟ್ ಮಾತ್ರ ಕಡಿಮೆ. ಇಲ್ಲಿ ಪೇಸ್ಟ್‌ನಿಂದ ಏನೂ ಆಗುವುದಿಲ್ಲ. ಚಾರ್ಜರ್, ಪವರ್ ಮೋಡ್ ಅಥವಾ ಡ್ರೈವರ್ ಕಡೆ ನೋಡಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಹೆಸರಿನ ಜಿಪಿಯು ಬೇರೆ ಬೇರೆ ವ್ಯಾಟ್‌ನಲ್ಲಿ ಬರುತ್ತದೆ. ಉದಾಹರಣೆಗೆ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಜಿಪಿಯುಗೆ ಎನ್‌ವಿಡಿಯಾ ಕೊಟ್ಟಿರುವ ವ್ಯಾಪ್ತಿ 35ರಿಂದ 115 ವ್ಯಾಟ್. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಮಾಹಿತಿಯಲ್ಲಿ ನಿಮ್ಮದರ ಗರಿಷ್ಠ ವ್ಯಾಟ್ ಇರುತ್ತದೆ. ಅದರ ಜೊತೆ ಹೋಲಿಸಿ. ಬೇರೆಯವರ ಫ್ರೇಮ್ ಸಂಖ್ಯೆ ನೋಡಿ ನಿಮ್ಮದು ಕೆಟ್ಟಿದೆ ಎಂದುಕೊಳ್ಳಬೇಡಿ.

ಜಿಪಿಯು ತಾಪ ಸರಿ, ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗದ ತಾಪ) ತುಂಬಾ ಜಾಸ್ತಿ. ಎರಡರ ನಡುವೆ 10ರಿಂದ 15 ಡಿಗ್ರಿ ಅಂತರ ಸಾಮಾನ್ಯ. 25 ದಾಟಿದರೆ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ ಅಥವಾ ಪೇಸ್ಟ್ ಪಕ್ಕಕ್ಕೆ ಸರಿದಿದೆ. ಸಿಪಿಯುವಿನಲ್ಲೂ ಒಂದೆರಡು ಕೋರ್ ಮಾತ್ರ ಉಳಿದವಕ್ಕಿಂತ 20 ಡಿಗ್ರಿ ಬಿಸಿ ಇದ್ದರೆ ಅದೇ ಅನುಮಾನ. ಕೆಲವು ಹೊಸ ಜಿಪಿಯುಗಳಲ್ಲಿ ಹಾಟ್‌ಸ್ಪಾಟ್ ಅಂಕಿ ಕಾಣುವುದಿಲ್ಲ.

ಫ್ರೇಮ್ ಸರಾಸರಿ ಚೆನ್ನಾಗಿದೆ, ನಡುನಡುವೆ ತಡವರಿಸುತ್ತದೆ. ರ‍್ಯಾಮ್ ಪೂರ್ತಿ ತುಂಬಿದ್ದರೆ ಅಪ್‌ಗ್ರೇಡ್‌ನಿಂದ ಉಪಯೋಗ ಇದೆ. ವಿರ‍್ಯಾಮ್ ತುಂಬಿದ್ದರೆ ಟೆಕ್ಸ್‌ಚರ್ ಗುಣಮಟ್ಟ ಒಂದು ಮೆಟ್ಟಿಲು ಇಳಿಸುವುದೇ ದಾರಿ. ವಿರ‍್ಯಾಮ್ ಅನ್ನು, ಜಿಪಿಯು ಅನ್ನು ಬದಲಿಸಲು ಬರುವುದಿಲ್ಲ. ಬಹುತೇಕ ಎಲ್ಲ ಲ್ಯಾಪ್‌ಟಾಪ್‌ಗಳಲ್ಲಿ ಎರಡೂ ಬೋರ್ಡ್‌ಗೆ ಬೆಸುಗೆ ಹಾಕಿಯೇ ಬರುತ್ತವೆ.

## ಹಂತ 4: ಬಿಚ್ಚದೆಯೇ ಸರಿಯಾಗುವ ತೊಂದರೆಗಳು

ಮೊದಲು ಚಾರ್ಜರ್ ನೋಡಿ. ಜೊತೆಗೆ ಬಂದ ದೊಡ್ಡ ಚಾರ್ಜರ್ ಬಿಟ್ಟು 100 ವ್ಯಾಟ್‌ನ ಯುಎಸ್‌ಬಿ-ಸಿ ಚಾರ್ಜರ್‌ನಲ್ಲಿ ಗೇಮ್ ಆಡಿದರೆ ಜಿಪಿಯುಗೆ ಬೇಕಾದಷ್ಟು ವಿದ್ಯುತ್ ಸಿಗುವುದಿಲ್ಲ. ಬರೀ ಬ್ಯಾಟರಿಯಲ್ಲಿ ಆಡಿದಾಗಲೂ ಅದೇ ಕಥೆ. ಮೂಲ ಚಾರ್ಜರ್ ಹಾಕಿದ್ದೂ ಬ್ಯಾಟರಿ ಬೇಗ ಬೇಗ ಇಳಿಯುತ್ತಿದ್ದರೆ ಚಾರ್ಜರ್ ಅಥವಾ ಅದರ ಪಿನ್ ಸೋತಿರಬಹುದು.

ಕಂಪನಿಯ ಆ್ಯಪ್‌ನಲ್ಲಿ ಪರ್ಫಾರ್ಮೆನ್ಸ್ ಮೋಡ್ ಹಾಕಿ ಮತ್ತೆ ಅಳೆಯಿರಿ. ಸೈಲೆಂಟ್ ಮೋಡ್‌ನಲ್ಲಿ ವ್ಯಾಟ್ ಅರ್ಧಕ್ಕೆ ಇಳಿದಿದ್ದರೂ ಆಶ್ಚರ್ಯವಿಲ್ಲ. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಆ ಗೇಮ್ ಸಿಪಿಯು ಜೊತೆಗೇ ಬರುವ ಸಣ್ಣ ಜಿಪಿಯು ಮೇಲೆ ಓಡುತ್ತಿದೆಯಾ ಎಂದೂ ನೋಡಿ. ಮಕ್ಸ್ ಸ್ವಿಚ್ (ಪರದೆಗೆ ಯಾವ ಜಿಪಿಯು ಚಿತ್ರ ಕಳುಹಿಸಬೇಕು ಎಂದು ಆರಿಸುವ ಸೌಲಭ್ಯ) ಇರುವ ಲ್ಯಾಪ್‌ಟಾಪ್‌ನಲ್ಲಿ ಅದನ್ನು ದೊಡ್ಡ ಜಿಪಿಯುಗೆ ತಿರುಗಿಸಿದರೆ ಪರದೆಗೆ ಚಿತ್ರ ನೇರವಾಗಿ ಹೋಗುತ್ತದೆ, ಫ್ರೇಮ್ ಹೆಚ್ಚುತ್ತದೆ. ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ.

ಲ್ಯಾಪ್‌ಟಾಪ್ ಹಾಸಿಗೆಯ ಮೇಲಿಟ್ಟು ಆಡಬೇಡಿ. ಗಾಳಿ ಒಳಗೆ ಹೋಗುವ ದಾರಿ ತಳದಲ್ಲಿದೆ. ಹಿಂಭಾಗವನ್ನು ಎರಡು ಮೂರು ಸೆಂಟಿಮೀಟರ್ ಎತ್ತಿಡಿ. ಏನೂ ಖರ್ಚಿಲ್ಲದೆ ತಾಪ ಕೆಲವು ಡಿಗ್ರಿ ಇಳಿಯುತ್ತದೆ.

ಫ್ರೇಮ್‌ಗೆ ಮಿತಿ ಹಾಕುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಕಥೆ ಇರುವ ಗೇಮ್‌ಗೆ 90 ಫ್ರೇಮ್ ಸಾಕು ಅನಿಸಿದರೆ ಅಲ್ಲಿಗೇ ನಿಲ್ಲಿಸಿ. ಸುಮ್ನೆ 160 ಫ್ರೇಮ್ ಓಡಿಸಿ ಬಿಸಿ ಮಾಡುವುದೇಕೆ? ಬಿಸಿ ಸಿಪಿಯುವಿನದ್ದೇ ಆಗಿದ್ದರೆ ಒಂದು ಪರೀಕ್ಷೆ ಮಾಡಿ. ವಿಂಡೋಸ್ ಪವರ್ ಪ್ಲಾನ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು 100ರಿಂದ 99ಕ್ಕೆ ಇಳಿಸಿ. ಹೆಚ್ಚಿನ ಯಂತ್ರಗಳಲ್ಲಿ ಇದರಿಂದ ಟರ್ಬೊ (ಬೇಸ್ ವೇಗ ಮೀರಿ ಓಡುವುದು) ನಿಲ್ಲುತ್ತದೆ, ತಾಪ ದಿಢೀರನೆ ಇಳಿಯುತ್ತದೆ. ಫ್ರೇಮ್ ಬಹುಪಾಲು ಹಾಗೇ ಉಳಿದರೆ ಆ ಗೇಮ್‌ಗೆ ಅಷ್ಟು ಟರ್ಬೊ ಬೇಕಿರಲೇ ಇಲ್ಲ ಎಂದಾಯಿತು.

ಅಂಡರ್‌ವೋಲ್ಟ್ (ಚಿಪ್‌ಗೆ ಹೋಗುವ ವೋಲ್ಟೇಜ್ ಇಳಿಸುವುದು) ಮಾಡಬೇಕೆಂದರೆ ಜಿಪಿಯುವಿನಿಂದ ಶುರು ಮಾಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್‌ನಲ್ಲಿ ವೋಲ್ಟೇಜ್ ಗೆರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಸಲ ಅರ್ಧ ಗಂಟೆ ಆಡಿ ನೋಡಿ. ಗೇಮ್ ಮುಚ್ಚಿಕೊಂಡರೆ ಒಂದು ಹೆಜ್ಜೆ ಹಿಂದೆ ಬನ್ನಿ. ಸ್ಥಿರ ಎಂದು ಖಾತ್ರಿಯಾಗುವವರೆಗೆ ವಿಂಡೋಸ್ ಜೊತೆ ತಾನಾಗಿ ಶುರುವಾಗುವ ಆಯ್ಕೆ ಹಾಕಬೇಡಿ. ಸಿಪಿಯು ಅಂಡರ್‌ವೋಲ್ಟ್ ಅನ್ನು ಅನೇಕ ಲ್ಯಾಪ್‌ಟಾಪ್‌ಗಳ ಬಯೋಸ್ ತಡೆಹಿಡಿದಿರುತ್ತದೆ, ಅದರ ಜೊತೆ ಗುದ್ದಾಡಬೇಡಿ.

ಡ್ರೈವರ್ ಅಪ್‌ಡೇಟ್ ಆದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಡಿಡಿಯು ಎಂಬ ಡ್ರೈವರ್ ತೆಗೆಯುವ ಸಾಫ್ಟ್‌ವೇರ್ ಬಳಸಿ ಸೇಫ್ ಮೋಡ್‌ನಲ್ಲಿ ಹಳೆಯದನ್ನು ಪೂರ್ತಿ ತೆಗೆದು, ಹಿಂದಿನ ಡ್ರೈವರ್ ಹಾಕಿ. ಬಯೋಸ್ ಅಪ್‌ಡೇಟ್ ಮಾಡುವಾಗ ಚಾರ್ಜರ್ ಹಾಕಿರಲಿ, ಬಿಟ್‌ಲಾಕರ್ ತಾತ್ಕಾಲಿಕವಾಗಿ ನಿಂತಿರಲಿ, ಮಧ್ಯದಲ್ಲಿ ಪವರ್ ಬಟನ್ ಮುಟ್ಟಬೇಡಿ.

## ಹಂತ 5: ಬಿಚ್ಚುವುದು, ಧೂಳು ತೆಗೆಯುವುದು

ಶಟ್‌ಡೌನ್ ಮಾಡಿ. ಸ್ಲೀಪ್ ಸಾಲದು. ಚಾರ್ಜರ್ ಕಿತ್ತು, ಪವರ್ ಬಟನ್ ಅನ್ನು 15 ಸೆಕೆಂಡ್ ಒತ್ತಿ ಹಿಡಿಯಿರಿ.

ಸ್ಕ್ರೂ ಬಿಚ್ಚಿದ ಹಾಗೇ ಕಾಗದದ ಮೇಲೆ ಅವುಗಳ ಜಾಗದಲ್ಲೇ ಇಡಿ. ಉದ್ದ ಬೇರೆ ಬೇರೆ ಇರುತ್ತದೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದನ್ನು ಹಾಕಿ ಬಿಗಿದರೆ ಒಳಗಿನ ಬೋರ್ಡ್ ಅಥವಾ ಕೀಬೋರ್ಡ್‌ಗೆ ಚುಚ್ಚುತ್ತದೆ. ಎಲ್ಲ ಬಿಚ್ಚಿದ ಮೇಲೂ ಕವರ್ ಬರದಿದ್ದರೆ ಜೋರು ಮಾಡಬೇಡಿ. ರಬ್ಬರ್ ಕಾಲಿನ ಕೆಳಗೆ ಒಂದು ಸ್ಕ್ರೂ ಉಳಿದಿರಬಹುದು. ಕೆಲವು ಮಾಡೆಲ್‌ಗಳಲ್ಲಿ ಒಂದು ಸ್ಕ್ರೂ ಪೂರ್ತಿ ಹೊರಗೆ ಬರದೆ ಕವರ್‌ನಲ್ಲೇ ನಿಲ್ಲುತ್ತದೆ, ಅದು ಕವರ್ ಅನ್ನು ಸ್ವಲ್ಪ ಎತ್ತಿಕೊಡುತ್ತದೆ. ಅಲ್ಲಿಂದ ಪ್ಲಾಸ್ಟಿಕ್ ಪಿಕ್ ಓಡಿಸಿ. ಆರ್‌ಜಿಬಿ ಪಟ್ಟಿ ಇರುವ ಕವರ್‌ಗೆ ತೆಳ್ಳಗಿನ ಕೇಬಲ್ ಅಂಟಿರಬಹುದು, ಸರಕ್ಕನೆ ಎಳೆಯಬೇಡಿ.

ಕವರ್ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ತೆಗೆಯುವುದು. ಬೇರೆ ಏನನ್ನೂ ಅದಕ್ಕಿಂತ ಮುಂಚೆ ಮುಟ್ಟಬೇಡಿ. ವೈರ್ ಹಿಡಿದು ಎಳೆಯದೆ, ಕನೆಕ್ಟರ್ ಅನ್ನೇ ಎರಡೂ ಬದಿಯಿಂದ ನಿಧಾನವಾಗಿ ಸರಿಸಿ. ಬಣ್ಣ ಬಳಿಯದ ಲೋಹದ ವಸ್ತುವೊಂದನ್ನು ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಒಳಭಾಗದ ಫೋಟೋ ತೆಗೆದಿಟ್ಟುಕೊಳ್ಳಿ.

ಧೂಳು ಫ್ಯಾನ್ ರೆಕ್ಕೆಯ ಮೇಲೆ ಕಾಣುತ್ತದೆ. ತೊಂದರೆ ಕೊಡುವ ಧೂಳು ಮಾತ್ರ ಫ್ಯಾನ್‌ಗೂ ತಾಮ್ರದ ಫಿನ್‌ಗಳಿಗೂ ನಡುವೆ ಕಂಬಳಿಯ ಹಾಗೆ ಹೆಪ್ಪುಗಟ್ಟಿರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಗಾಳಿಯನ್ನು ಹೊರಗಿನ ಜಾಲರಿಯಿಂದ ಒಳಗೆ ಊದಿ, ಮೇಲೆದ್ದದ್ದನ್ನು ಬ್ರಷ್‌ನಿಂದ ಎತ್ತಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಿಂದ ಹಿಡಿದಿರಿ. ಇಲ್ಲದಿದ್ದರೆ ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಕೆಡಬಹುದು. ಕ್ಯಾನ್ ಅನ್ನು ತಲೆಕೆಳಗೆ ಹಿಡಿಯಬೇಡಿ, ದ್ರವ ಹೊರಗೆ ಚಿಮ್ಮುತ್ತದೆ.

ಇಷ್ಟು ಮಾಡಿ ಮುಚ್ಚಿ, ಹಂತ 3ರ ಅಳತೆ ಮತ್ತೆ ತೆಗೆಯಿರಿ. ಬಹಳ ಜನರ ತೊಂದರೆ ಇಲ್ಲಿಗೇ ಮುಗಿಯುತ್ತದೆ.

## ಹಂತ 6: ರ‍್ಯಾಮ್

ರ‍್ಯಾಮ್ ಕೊಳ್ಳುವ ಮೊದಲು ಬೋರ್ಡ್‌ನಲ್ಲಿ ಸ್ಲಾಟ್ ಇದೆಯಾ ನೋಡಿ. ಹಲವು ತೆಳ್ಳಗಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೆಸುಗೆ ಹಾಕಿಯೇ ಬರುತ್ತದೆ. ಡಿಡಿಆರ್4 ಮತ್ತು ಡಿಡಿಆರ್5 ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಲ್ಯಾಪ್‌ಟಾಪ್‌ಗೆ ಬೇಕಾದದ್ದು ಸೋಡಿಮ್ ಎಂಬ ಗಿಡ್ಡ ಅಳತೆಯದ್ದು.

ಒಂದು 32 ಜಿಬಿ ಕಡ್ಡಿಗಿಂತ ಎರಡು 16 ಜಿಬಿ ಕಡ್ಡಿಗಳು ಗೇಮ್‌ಗೆ ಒಳ್ಳೆಯದು. ಎರಡು ಚಾನೆಲ್ ಸಿಕ್ಕರೆ ಸಿಪಿಯುಗೆ ಡೇಟಾ ಬರುವ ದಾರಿ ಅಗಲವಾಗುತ್ತದೆ. ಹಳೆಯ ಕಡ್ಡಿ ಉಳಿಸಿಕೊಂಡು ಬೇರೆ ಕಂಪನಿಯದ್ದನ್ನು ಸೇರಿಸಿದರೆ ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ನೀಲಿ ಪರದೆ ಬರುತ್ತದೆ. ಜೋಡಿಯಾಗಿ ಬರುವ ಕಿಟ್ ಕೊಳ್ಳಿ ಎಂಬುದು ನನ್ನ ಸಲಹೆ. ವೇಗಕ್ಕೆ ಜಾಸ್ತಿ ಹಣ ಸುರಿಯಬೇಡಿ. ಲ್ಯಾಪ್‌ಟಾಪ್ 4800ರಲ್ಲೇ ಓಡಿಸುತ್ತದೆ ಎಂದಾದರೆ 5600ರ ರ‍್ಯಾಮ್ ಹಾಕಿದರೂ ಅದು 4800ಕ್ಕೇ ಇಳಿಯುತ್ತದೆ.

ಕಡ್ಡಿಯನ್ನು ಓರೆಯಾಗಿ ಒಳಗೆ ತಳ್ಳಿ, ಚಿನ್ನದ ಬಣ್ಣದ ಪಟ್ಟಿ ಬಹುತೇಕ ಮರೆಯಾದ ಮೇಲೆ ಕೆಳಗೆ ಒತ್ತಿ. ಎರಡೂ ಬದಿಯ ಕ್ಲಿಪ್ ಟಕ್ ಎನ್ನಬೇಕು.

ಡಿಡಿಆರ್5 ಹಾಕಿದವರು ಅತಿ ಹೆಚ್ಚು ಹೆದರುವುದು ಇದಾದ ಮೇಲೆಯೇ. ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಉಳಿಯುತ್ತದೆ, ಕೆಲವು ನಿಮಿಷ ಏನೂ ಕಾಣುವುದಿಲ್ಲ. ಲ್ಯಾಪ್‌ಟಾಪ್ ಹೊಸ ರ‍್ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ. ಆಗ ಪವರ್ ಬಟನ್ ಒತ್ತಿ ಆರಿಸಿಬಿಟ್ಟರೆ ಮತ್ತೆ ಮೊದಲಿನಿಂದ ಶುರು. ಹತ್ತು ನಿಮಿಷ ಸುಮ್ಮನೆ ಬಿಡಿ. ಆ ಮೇಲೂ ಬರದಿದ್ದರೆ ಕಡ್ಡಿ ತೆಗೆದು ಮತ್ತೆ ಕೂರಿಸಿ, ನಂತರ ಒಂದೊಂದನ್ನೇ ಹಾಕಿ ನೋಡಿ. ಆನ್ ಆದ ರಾತ್ರಿಯೇ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷಿಸುವ ಸಾಫ್ಟ್‌ವೇರ್ ಓಡಲು ಬಿಡಿ. ಒಂದೇ ಒಂದು ದೋಷ ತೋರಿಸಿದರೂ ರ‍್ಯಾಮ್ ವಾಪಸ್ ಕೊಡಿ.

## ಹಂತ 7: ಎಸ್‌ಎಸ್‌ಡಿ

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರುವುದು ಎಂ.2 2280 ಅಳತೆ. ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಕೆಲವು ಮಾಡೆಲ್‌ಗಳ ಎರಡನೇ ಸ್ಲಾಟ್ 2242 ಅಥವಾ 2230 ಇರುತ್ತದೆ, ಅಳತೆ ನೋಡಿಯೇ ಕೊಳ್ಳಿ. ಎನ್‌ವಿಎಂಇ ಡ್ರೈವ್ ತೆಗೆದುಕೊಳ್ಳಿ. ನೋಡಲು ಅದರಂತೆಯೇ ಇರುವ ಸಾಟಾ ಡ್ರೈವ್ ಹಲವು ಸ್ಲಾಟ್‌ಗಳಲ್ಲಿ ಕೆಲಸ ಮಾಡುವುದಿಲ್ಲ. ದಪ್ಪ ಹೀಟ್‌ಸಿಂಕ್ ಅಂಟಿಸಿದ ಡ್ರೈವ್ ಹಾಕಿದರೆ ತಳದ ಕವರ್ ಮುಚ್ಚುವುದಿಲ್ಲ.

ಎರಡು ಸ್ಲಾಟ್ ಇದ್ದರೆ ಕೆಲಸ ಸುಲಭ. ಹೊಸದನ್ನು ಎರಡನೆಯದಕ್ಕೆ ಹಾಕಿ. ವಿಂಡೋಸ್‌ನಲ್ಲಿ ಡ್ರೈವ್ ಕಾಣದಿದ್ದರೆ ಅದು ಹಾಳಾಗಿದೆ ಎಂದುಕೊಳ್ಳಬೇಡಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಜಿಪಿಟಿ (ಡ್ರೈವ್ ವಿಭಾಗಿಸುವ ವಿಧಾನದ ಹೆಸರು) ಆರಿಸಿ ಇನಿಶಿಯಲೈಜ್ ಮಾಡಬೇಕು. ಆಮೇಲೆ ಹೊಸ ವಾಲ್ಯೂಮ್ ಮಾಡಿ ಫಾರ್ಮ್ಯಾಟ್ ಮಾಡಿದರೆ ಕಾಣುತ್ತದೆ.

ಒಂದೇ ಸ್ಲಾಟ್ ಇದ್ದರೆ ಎರಡು ದಾರಿ. ಯುಎಸ್‌ಬಿ ಎನ್‌ವಿಎಂಇ ಎನ್‌ಕ್ಲೋಶರ್‌ನಲ್ಲಿ ಹೊಸ ಡ್ರೈವ್ ಹಾಕಿ ಕ್ಲೋನ್ (ಹಳೆಯದರ ಪೂರ್ತಿ ನಕಲು) ಮಾಡುವುದು ಒಂದು. 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಮಾಡಿಕೊಂಡು ಹೊಸದಾಗಿ ಹಾಕುವುದು ಇನ್ನೊಂದು. ಹಳೆಯ ವಿಂಡೋಸ್‌ನಲ್ಲಿ ತೊಂದರೆಗಳಿದ್ದರೆ ಕ್ಲೋನ್ ಮಾಡಿದಾಗ ಅವೂ ಜೊತೆಗೇ ಬರುತ್ತವೆ. ಹಾಗಾಗಿ ನಾನು ಹೊಸದಾಗಿ ಹಾಕುವುದನ್ನೇ ಹೇಳುತ್ತೇನೆ.

ಹೊಸದಾಗಿ ಹಾಕುವಾಗ ಇನ್‌ಸ್ಟಾಲರ್ 'ಡ್ರೈವ್ ಇಲ್ಲ' ಎಂದು ತೋರಿಸಿದರೆ, ಇಂಟೆಲ್ ಯಂತ್ರಗಳಲ್ಲಿ ಕಾರಣ ಬಹುತೇಕ ವಿಎಂಡಿ ಎಂಬ ಇಂಟೆಲ್‌ನ ಡ್ರೈವ್ ನಿಯಂತ್ರಣ ವ್ಯವಸ್ಥೆ. ಕಂಪನಿಯ ಸಪೋರ್ಟ್ ಪುಟದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಡಿಸಿ, ಅದೇ ಪೆನ್‌ಡ್ರೈವ್‌ನಲ್ಲಿಡಿ. ಇನ್‌ಸ್ಟಾಲರ್‌ನಲ್ಲಿ ಡ್ರೈವರ್ ಲೋಡ್ ಮಾಡುವ ಆಯ್ಕೆ ಒತ್ತಿದರೆ ಡ್ರೈವ್ ಕಾಣಿಸಿಕೊಳ್ಳುತ್ತದೆ. ವೈಫೈ ಡ್ರೈವರ್ ಅನ್ನೂ ಜೊತೆಗೇ ಇಟ್ಟುಕೊಳ್ಳಿ. ವಿಂಡೋಸ್ ಬಂದ ಮೇಲೆ ಇಂಟರ್ನೆಟ್ ಇಲ್ಲದೆ ಪರದಾಡುವುದು ತಪ್ಪುತ್ತದೆ.

## ಹಂತ 8: ಥರ್ಮಲ್ ಪೇಸ್ಟ್, ನಿಜವಾಗಿ ಬೇಕಾದರೆ ಮಾತ್ರ

ಧೂಳು ತೆಗೆದ ಮೇಲೂ ಸಿಪಿಯು ವೇಗ ಕುಸಿಯುತ್ತಿದೆ, ಅಥವಾ ಹಾಟ್‌ಸ್ಪಾಟ್ ಅಂತರ ಹಾಗೇ ಇದೆ ಎಂದಾದರೆ ಮಾತ್ರ ಇಲ್ಲಿಗೆ ಬನ್ನಿ.

ಕಾರ್ಖಾನೆಯಲ್ಲಿ ಲಿಕ್ವಿಡ್ ಮೆಟಲ್ ಹಾಕಿದ್ದಾರಾ ಎಂದು ಮೊದಲು ಖಚಿತ ಮಾಡಿಕೊಳ್ಳಿ. ದುಬಾರಿ ಮಾಡೆಲ್‌ಗಳಲ್ಲಿ ಇದು ಸಾಮಾನ್ಯ. ಗ್ಯಾಲಿಯಂ ಇರುವ ಈ ದ್ರವದಲ್ಲಿ ವಿದ್ಯುತ್ ಹರಿಯುತ್ತದೆ. ಒಂದು ಹನಿ ಬೋರ್ಡ್ ಮೇಲೆ ಬಿದ್ದರೂ ಶಾರ್ಟ್ ಆಗಬಹುದು. ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಲಿಕ್ವಿಡ್ ಮೆಟಲ್ ಇದ್ದರೆ ಮೊದಲ ಪ್ರಯತ್ನಕ್ಕೆ ಅದು ತಕ್ಕ ಯಂತ್ರ ಅಲ್ಲ, ಅನುಭವ ಇರುವವರಿಗೆ ಕೊಡಿ.

ಮಾಮೂಲಿ ಪೇಸ್ಟ್ ಇದ್ದರೆ, ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ ಬರೆದಿರುವ ಸಂಖ್ಯೆ ನೋಡಿ. ಬಿಚ್ಚುವಾಗ ದೊಡ್ಡ ಸಂಖ್ಯೆಯಿಂದ ಚಿಕ್ಕದಕ್ಕೆ, ಹಾಕುವಾಗ 1ರಿಂದ ಮೇಲಕ್ಕೆ. ಒಂದನ್ನೇ ಪೂರ್ತಿ ಬಿಗಿಯದೆ ಸುತ್ತಿ ಸುತ್ತಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಈ ಕ್ರಮ ತಪ್ಪಿದರೆ ಒಂದು ಮೂಲೆ ಮಾತ್ರ ಒತ್ತಿ, ಕೋರ್‌ಗಳ ತಾಪದ ಅಂತರ ಮೊದಲಿಗಿಂತ ಜಾಸ್ತಿಯಾಗುತ್ತದೆ. ಫ್ಯಾನ್ ಕೇಬಲ್ ತೆಗೆದ ಮೇಲೆಯೇ ಹೀಟ್‌ಸಿಂಕ್ ಎತ್ತಿ. ಅಂಟಿಕೊಂಡಿದ್ದರೆ ಮೀಟಬೇಡಿ, ಅಲ್ಪಸ್ವಲ್ಪ ಆಚೀಚೆ ತಿರುಗಿಸಿ.

ವಿರ‍್ಯಾಮ್ ಮೇಲಿನ ಥರ್ಮಲ್ ಪ್ಯಾಡ್ ಹರಿಯದಿದ್ದರೆ ಮುಟ್ಟದೆ ಬಿಡಿ. ಬದಲಿಸಲೇಬೇಕಾದರೆ ಮೊದಲಿನಷ್ಟೇ ದಪ್ಪದ್ದು ಬೇಕು. ಅರ್ಧ ಮಿಲಿಮೀಟರ್ ದಪ್ಪ ಜಾಸ್ತಿಯಾದರೂ ಹೀಟ್‌ಸಿಂಕ್ ಚಿಪ್ ಮೇಲೆ ಕೂರದೆ ಮೇಲೆ ನಿಲ್ಲುತ್ತದೆ. ಪೇಸ್ಟ್ ಹಾಕಿದ ಮೇಲೆ ತಾಪ ಮೊದಲಿಗಿಂತ ಕೆಟ್ಟಿತು ಎನ್ನುವವರಲ್ಲಿ ಹಲವರ ಸಮಸ್ಯೆ ಇದೇ.

ಲ್ಯಾಪ್‌ಟಾಪ್ ಚಿಪ್‌ಗಳಿಗೆ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ. ಹಾಗಾಗಿ ನೀರಾದ ಪೇಸ್ಟ್ ಬಿಸಿ-ತಣ್ಣಗಿನ ಸುತ್ತಿನಲ್ಲಿ ಅಂಚಿಗೆ ಸರಿದುಬಿಡುತ್ತದೆ. ಮೊದಲ ವಾರ ಅದ್ಭುತ, ಕೆಲವು ತಿಂಗಳಲ್ಲಿ ಹಳೆಯ ಕಥೆ. ಗಟ್ಟಿ ಪೇಸ್ಟ್ ಅಥವಾ ಹನಿವೆಲ್‌ನ ಪಿಟಿಎಂ7950 ಥರದ ಹಾಳೆ ಹೆಚ್ಚು ಬಾಳಿಕೆ ಬರುತ್ತದೆ. ಅದು ಬಿಸಿಯಾದಾಗ ಮೆತ್ತಗಾಗಿ ಹರಡಿ ಕೂರುತ್ತದೆ. ಅದಕ್ಕೇ ಮೊದಲ ದಿನದ ಅಳತೆ ನೋಡಿ ಬೇಸರಪಡಬೇಡಿ, ಕೆಲವು ಸಲ ಬಿಸಿಯಾಗಿ ತಣಿದ ಮೇಲೆ ನೋಡಿ. ಹಳೆಯ ಪೇಸ್ಟ್ ಅನ್ನು ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ ತೆಗೆದ ಮೇಲೆಯೇ ಹೊಸದನ್ನು ಹಾಕಿ. ಪೇಸ್ಟ್ ಆದರೆ ಚಿಪ್‌ನ ಹೊಳೆಯುವ ಭಾಗವೆಲ್ಲ ತೆಳುವಾಗಿ ಮುಚ್ಚುವಷ್ಟು ಹಚ್ಚಿ. ಮೂಲೆ ಖಾಲಿ ಬಿಡಬೇಡಿ.

## ಮುಚ್ಚಿದ ಮೇಲೆ ಆನ್ ಆಗದಿದ್ದರೆ

ಮೊದಲು ಚಾರ್ಜರ್ ಹಾಕಿ. ಬ್ಯಾಟರಿ ಕನೆಕ್ಟರ್ ತೆಗೆದು ಹಾಕಿದ ಮೇಲೆ ಕೆಲವು ಮಾಡೆಲ್‌ಗಳು ಚಾರ್ಜರ್ ಇಲ್ಲದೆ ಏಳುವುದೇ ಇಲ್ಲ. ಆಮೇಲೆ ಕನೆಕ್ಟರ್ ಪೂರ್ತಿ ಕೂತಿದೆಯಾ, ರ‍್ಯಾಮ್ ಸರಿಯಾಗಿದೆಯಾ ನೋಡಿ. ಫ್ಯಾನ್ ದೋಷ ಎಂದು ತೋರಿಸಿದರೆ ಫ್ಯಾನ್ ಕೇಬಲ್ ಮರೆತಿದ್ದೀರಿ. ಕೀಬೋರ್ಡ್ ಅಥವಾ ಟಚ್‌ಪ್ಯಾಡ್ ಸತ್ತಿದ್ದರೆ ರಿಬ್ಬನ್ ಕೇಬಲ್‌ನ ಬೀಗ ತೆರೆದೇ ಉಳಿದಿರುತ್ತದೆ.

ಸುಟ್ಟ ವಾಸನೆ ಬಂದರೆ, ಒಳಗೆ ನೀರು ಹೋಗಿದ್ದರೆ, ಬಯೋಸ್ ಪರದೆಯಲ್ಲೇ ಬಣ್ಣದ ಚೌಕಗಳು, ಗೆರೆಗಳು ಕಂಡರೆ ಅಲ್ಲಿಗೆ ನಿಲ್ಲಿಸಿ. ಹೊರಗಿನ ಮಾನಿಟರ್‌ನಲ್ಲೂ ಅವೇ ಚೌಕಗಳು ಕಂಡರೆ ಜಿಪಿಯು ಅಥವಾ ವಿರ‍್ಯಾಮ್ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಹೊರಗಿನದರಲ್ಲಿ ಚಿತ್ರ ಚೆನ್ನಾಗಿದ್ದರೆ ಪರದೆ ಅಥವಾ ಅದರ ಕೇಬಲ್ ಕೆಟ್ಟಿರಬಹುದು. ಸರ್ವಿಸ್‌ಗೆ ಕೊಡುವಾಗ ಹಂತ 3ರಲ್ಲಿ ಬರೆದಿಟ್ಟ ಅಂಕಿಗಳನ್ನೂ, ನೀವು ಏನೇನು ಬದಲಿಸಿದಿರಿ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆದು ಜೊತೆಗೆ ಕೊಡಿ. ಎಸ್‌ಎಸ್‌ಡಿಯಲ್ಲಿ ಖಾಸಗಿ ಫೈಲ್‌ಗಳಿದ್ದು, ಅದಿಲ್ಲದೆ ಲ್ಯಾಪ್‌ಟಾಪ್ ತೆಗೆದುಕೊಳ್ಳಲು ಅವರು ಒಪ್ಪಿದರೆ, ಅದನ್ನು ಮೊದಲೇ ಬಿಚ್ಚಿ ಮನೆಯಲ್ಲಿಟ್ಟುಕೊಳ್ಳಿ.